ಕ್ಲಚ್ ತುಳಿಯುವುದು ಯಾರು, ನಾನಾ ಗಾಡಿಯಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಗೇರಿನ ಗಾಡಿಯ ಪಕ್ಷ. ಮೂರು ವರ್ಷ ಆಟೋಮ್ಯಾಟಿಕ್ ಓಡಿಸಿ, ದುಡ್ಡು ಕಳೆದುಕೊಂಡು, ಈಗ ಮತ್ತೆ ಎಡಗಾಲಿಗೆ ಕೆಲಸ ಕೊಟ್ಟವಳು. ತಕ್ಕಡಿ ಸಮ ಹಿಡಿದು ತೂಗುತ್ತೇನೆ ಎಂದು ನಂಬಬೇಡಿ. ಆದರೆ ನನ್ನ ಹಾಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಗುಡ್ಡೆಗಳ ನಡುವೆ ಮನೆ ಇರುವವರು ಶೋರೂಮಿಗೆ ಹೋಗುವ ಮೊದಲು ಇದನ್ನು ಓದಿದರೆ ಒಳ್ಳೆಯದು.

2019ರಲ್ಲಿ ಮೊದಲ ಹೊಸ ಕಾರು ತೆಗೆದುಕೊಂಡೆ. ಅಲ್ಲಿಯವರೆಗೆ ಇವರ ಹಳೆಯ ಗೇರಿನ ಗಾಡಿಯಲ್ಲೇ ಶಾಲೆಗೆ ಹೋಗಿ ಬರುತ್ತಿದ್ದೆ. ಯಾವ ಕಾರು ಎಂದು ಮಾತು ಎತ್ತಿದರೆ ಸಾಕು, ಎಲ್ಲರಿಂದ ಒಂದೇ ಉತ್ತರ: "ಆಟೋಮ್ಯಾಟಿಕ್ ತೆಗೆಯಿರಿ ಟೀಚರ್, ಹೆಂಗಸರಿಗೆ ಅದೇ ಸುಲಭ." ಹನ್ನೊಂದು ವರ್ಷ ಗೇರು ಹಾಕಿ ಓಡಿಸಿದವಳಿಗೆ ಈ ಮಾತು! ಆಗಲೇ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಐವತ್ತು ಸಾವಿರ ಜಾಸ್ತಿ ಕೊಟ್ಟು ಎಎಂಟಿ ಗಾಡಿ ತಂದೆ.

ಎಎಂಟಿ ಎಂದರೆ ಏನು ಅಂತ ನನಗೂ ಆಗ ಸರಿಯಾಗಿ ಗೊತ್ತಿರಲಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ಇದು ಬಂದ ಮೇಲೆಯೇ ನಮ್ಮಂಥವರ ಬಜೆಟ್ಟಿಗೆ ಆಟೋಮ್ಯಾಟಿಕ್ ಇಳಿದದ್ದು. ಒಳಗೆ ಇರುವುದು ಅದೇ ಹಳೆಯ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ನಮ್ಮ ಕಾಲಿನ ಬದಲು ಒಂದು ಯಂತ್ರ ಕ್ಲಚ್ ಒತ್ತುತ್ತದೆ, ನಮ್ಮ ಕೈಯ ಬದಲು ಇನ್ನೊಂದು ಗೇರು ಬದಲಿಸುತ್ತದೆ. ಯಾವಾಗ, ಎಷ್ಟು ಎಂದು ಕಂಪ್ಯೂಟರ್ ಹೇಳುತ್ತದೆ. ದುಬಾರಿ ಗಾಡಿಗಳಲ್ಲಿ ಬರುವ ಸಿವಿಟಿ, ಟಾರ್ಕ್ ಕನ್ವರ್ಟರ್ ಎಂಬ ಆಟೋಮ್ಯಾಟಿಕ್‌ಗಳ ಜಾತಿಯೇ ಬೇರೆ. ಶೋರೂಮಿನಲ್ಲಿ ಮಾತ್ರ ಎಲ್ಲದಕ್ಕೂ ಒಂದೇ ಹೆಸರು, ಆಟೋಮ್ಯಾಟಿಕ್. ನನ್ನ ಗಾಡಿ ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಮುಂದೆ ಹೇಳುವ ಕಷ್ಟ ಆ ಒಂದು ಕಂಪನಿಯದಲ್ಲ, ಎಎಂಟಿಯ ಜಾಯಮಾನದ್ದು.

ಇನ್ನು ನಮ್ಮ ಮನೆಯ ಏರಿನ ಕಥೆ.

ಈ ಕಡೆಯ ಮನೆಗಳ ಲೆಕ್ಕ ನಿಮಗೆ ಗೊತ್ತೇ ಇದೆ. ರಸ್ತೆ ಗುಡ್ಡೆಯ ಮೇಲೆ, ಅಡಿಕೆ ತೋಟ ಕೆಳಗೆ, ಮನೆ ತೋಟದ ತಲೆಯಲ್ಲಿ. ಡಾಮರು ರಸ್ತೆಯಿಂದ ನಮ್ಮ ಅಂಗಳಕ್ಕೆ ಸುಮಾರು ಎಂಬತ್ತು ಮೀಟರ್ ಇಳಿಯಬೇಕು. ಎರಡು ಚಕ್ರಕ್ಕೆ ಎರಡು ಪಟ್ಟಿ ಕಾಂಕ್ರೀಟ್, ನಡುವೆ ಹುಲ್ಲು. ಒಂದು ಬದಿಗೆ ಮುರಕಲ್ಲಿನ ಬರೆ, ಇನ್ನೊಂದು ಬದಿಗೆ ತೋಟ. ಕಿಟಕಿಯಿಂದ ಕೈ ಹಾಕಿದರೆ ಅಡಿಕೆ ಗೊನೆ ಸಿಗುವಷ್ಟು ಹತ್ತಿರ. ಸರಿಯಾಗಿ ಅರ್ಧದಲ್ಲಿ ಒಂದು ತಿರುವು. ಅದು ಒಂದೇ ಸಲಕ್ಕೆ ತಿರುಗುವುದಿಲ್ಲ. ಅಲ್ಲಿ ನಿಲ್ಲಿಸಿ, ಒಂದು ಮೊಳ ಬಿಟ್ಟು, ಸ್ಟಿಯರಿಂಗ್ ತಿರುಗಿಸಿ, ಮತ್ತೆ ಹೊರಡಬೇಕು.

ಇದನ್ನೆಲ್ಲ ರಿವರ್ಸಿನಲ್ಲಿ ಮಾಡಬೇಕು. ಅಂಗಳದಲ್ಲಿ ಗಾಡಿ ತಿರುಗಿಸಿದರೆ ಆಗುವುದಿಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಬೇಸಿಗೆಯಲ್ಲಿ ಅಂಗಳದ ತುಂಬ ಅಡಿಕೆ ಒಣ ಹಾಕಿರುತ್ತದೆ. ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರದ ಹಾಗೆ ಸೋಗೆ ಹಾಸಿರುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಮೂರೂವರೆ ಸಾವಿರ ಮಿಲಿಮೀಟರಿನ ಹತ್ತಿರ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ಮೇಲೆ ಕಾಂಕ್ರೀಟಿನ ಬಣ್ಣ ಕಪ್ಪೋ ಹಸಿರೋ ಹೇಳಲು ಬರುವುದಿಲ್ಲ. ಅಂಥ ಏರಿಗೆ ಸಣ್ಣ ಕಾರುಗಳು ಮುಖ ಮುಂದೆ ಮಾಡಿ ಹತ್ತಿದರೆ ಚಕ್ರ ಸುಮ್ನೆ ತಿರುಗುತ್ತದೆ. ಎಳೆಯುವುದು ಮುಂದಿನ ಚಕ್ರ, ಭಾರ ಬೀಳುವುದು ಹಿಂದಿನ ಚಕ್ರಕ್ಕೆ. ರಿವರ್ಸಿನಲ್ಲಿ ಹತ್ತಿದರೆ ಭಾರ ಮುಂದಿನ ಚಕ್ರದ ಮೇಲೇ ಇರುತ್ತದೆ, ಹಿಡಿತ ಸಿಗುತ್ತದೆ. ಇದು ನಮ್ಮ ಮಾವ ಕಲಿಸಿದ ಪಾಠ.

ಈಗ ಎಎಂಟಿಯಲ್ಲಿ ನಾನು ಆ ತಿರುವಿನಲ್ಲಿ ನಿಂತಿದ್ದೇನೆ ಎಂದುಕೊಳ್ಳಿ. ಕಾಲು ಬ್ರೇಕಿನ ಮೇಲೆ, ಗೇರು ರಿವರ್ಸಿನಲ್ಲಿ. ಬ್ರೇಕು ಬಿಟ್ಟೆ. ಗಾಡಿ ಅಂಗಳದ ಕಡೆ ಜಾರುತ್ತದೆ. ಕಾಲು ಆಕ್ಸಿಲರೇಟರಿಗೆ ಹೋಯಿತು. ಯಂತ್ರ ಒಂದು ಕ್ಷಣ ಯೋಚನೆ ಮಾಡುತ್ತದೆ. ಆಮೇಲೆ ಕ್ಲಚ್ ಹಿಡಿದಾಗ ಗಾಡಿ ದಡಕ್ಕನೆ ಹಿಂದಕ್ಕೆ ಹಾರುತ್ತದೆ. ಒಂದು ಬದಿಗೆ ಬರೆ ಎಂದು ಹೇಳಿದೆನಲ್ಲ, ಹಿಂದಿನ ಬಂಪರಿಗೆ ಎರಡು ಸಲ ಅದರ ಮಣ್ಣು ಹತ್ತಿದೆ.

ಗೇರಿನ ಗಾಡಿಯಲ್ಲಿ ಇಂಥ ಜಾಗದಲ್ಲಿ ನಾವು ಮಾಡುವುದೇನು? ಕ್ಲಚ್ಚನ್ನು ನಿಧಾನ ಬಿಟ್ಟು, ಗಾಡಿ ಸಣ್ಣಗೆ ನಡುಗಿದಾಗ ಬ್ರೇಕು ಬಿಡುತ್ತೇವೆ. ಆ ನಡುಕ ಕಾಲಿಗೆ ಗೊತ್ತಾಗುತ್ತದೆ. ಎಎಂಟಿಯಲ್ಲಿ ಆ ಸುದ್ದಿ ಕಾಲಿಗೆ ಬರುವುದೇ ಇಲ್ಲ.

ಇದಕ್ಕೆ ಹಿಲ್ ಹೋಲ್ಡ್ ಎಂಬ ಮದ್ದು ಉಂಟು. ಬ್ರೇಕಿನಿಂದ ಕಾಲು ತೆಗೆದ ಮೇಲೂ ಒಂದೆರಡು ಸೆಕೆಂಡ್ ಗಾಡಿಯನ್ನು ಹಿಡಿದಿಡುತ್ತದೆ. ನನ್ನ ಗಾಡಿಯಲ್ಲಿ ಅದು ಇರಲಿಲ್ಲ. ಕೇಳಿದಾಗ ಶೋರೂಮಿನ ಹುಡುಗ ನಗುತ್ತಾ, "ಅದು ಮೇಲಿನ ವೇರಿಯಂಟ್‌ನಲ್ಲಿ ಮಾತ್ರ ಮ್ಯಾಡಂ" ಎಂದ. ಮಾರುವಾಗ ಈ ಮಾತು ಬಂದಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಿಲರೇಟರ್ ಒತ್ತಿ, ಗಾಡಿ ಎಳೆಯತೊಡಗಿದ ಮೇಲೆ ಹ್ಯಾಂಡ್‌ಬ್ರೇಕ್ ಬಿಡುವುದು ಸರಿಯಾದ ಕ್ರಮ. ಅದನ್ನು ಕಲಿತೆ. ಆದರೆ ಬೆಳಿಗ್ಗೆ ಎಂಟೂಕಾಲಿಗೆ, ಹಿಂದೆ ನೋಡಿಕೊಂಡು, ಒಂದು ಕೈ ಸ್ಟಿಯರಿಂಗಿಗೆ ಒಂದು ಕೈ ಹ್ಯಾಂಡ್‌ಬ್ರೇಕಿಗೆ ಎಂದರೆ ದಿನಾ ಸರಿ ಬರುತ್ತದೆಯೇ? ಕೊನೆಗೆ ಇವರು ಮುರಕಲ್ಲಿನ ಒಂದು ತುಂಡು ಹಿಡಿದು ತಿರುವಿನಲ್ಲಿ ನಿಲ್ಲತೊಡಗಿದರು. ನಾನು ನಿಲ್ಲಿಸಿದ ಕೂಡಲೇ ಪಕ್ಕದಿಂದ ಚಕ್ರದ ಕೆಳಬದಿಗೆ ಕಲ್ಲು ಇಡುವುದು, ಹೊರಟ ಮೇಲೆ ತೆಗೆಯುವುದು. ಮೂರು ವರ್ಷ ಇವರ ಬೆಳಗ್ಗಿನ ಚಹಾ ಈ ಕೆಲಸ ಮುಗಿದ ಮೇಲೆಯೇ. ಐವತ್ತು ಸಾವಿರ ಜಾಸ್ತಿ ಕೊಟ್ಟು ತಂದ ಗಾಡಿಗೆ ಕಲ್ಲು ಇಡುವ ಒಬ್ಬ ಆಳು ಬೇರೆ!

2022ರ ಏಪ್ರಿಲ್. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಡ್ಯೂಟಿ. ಅದೇ ತಿರುವಿನಲ್ಲಿ ಗಾಡಿ ಮೊದಲು ಕೂಗಿತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಎಷ್ಟು ಒತ್ತಿದರೂ ಇಂಜಿನ್ ಮಾತ್ರ ಕೂಗುತ್ತದೆ, ಗಾಡಿ ಹಂದುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ, ಬ್ರೇಕು ಹಿಡಿದು ಹಿಡಿದು ಅಂಗಳಕ್ಕೇ ಇಳಿಸಿದೆ, ಒಣ ಹಾಕಿದ ಅಡಿಕೆಯ ಮೇಲೆಯೇ. ಅತ್ತೆ ಏನೂ ಹೇಳಲಿಲ್ಲ. ಸುಮ್ಮನೆ ಒಡೆದ ಅಡಿಕೆ ಹೆಕ್ಕಲು ಕೂತರು. ಅದು ಬೈಗುಳಕ್ಕಿಂತ ಜಾಸ್ತಿಯಾಯಿತು. ನಾನು ರಿಕ್ಷಾ ಹಿಡಿದು ಓಡಿದೆ.

ಗಾಡಿ ಎಳೆಯುವ ಲಾರಿ ಆ ದಾರಿಯಲ್ಲಿ ಇಳಿಯುವಂತಿರಲಿಲ್ಲ. ನೆರೆಮನೆಯವರ ಜೀಪಿಗೆ ಹಗ್ಗ ಕಟ್ಟಿ ಮೇಲೆ ತಂದದ್ದಾಯಿತು. ಪೇಟೆಯ ಮೆಕ್ಯಾನಿಕ್ ಬಾನೆಟ್ ಎತ್ತಲೂ ಇಲ್ಲ. ಮೂಗಿನಲ್ಲೇ ಪರೀಕ್ಷೆ ಮುಗಿಸಿ, "ಕ್ಲಚ್ ಪೋಯಿ ಟೀಚರೇ" ಎಂದ. ಸರ್ವಿಸ್ ಸೆಂಟರಿನಲ್ಲಿ ಬಿಲ್ಲು ಇಪ್ಪತ್ನಾಲ್ಕು ಸಾವಿರ. ಓಡಿದ್ದು ಮೂವತ್ತೆಂಟು ಸಾವಿರ ಕಿಲೋಮೀಟರ್. ಕ್ಲಚ್ ಸವೆಯುವ ವಸ್ತು, ವಾರಂಟಿ ಇಲ್ಲ ಎಂದರು. ಅದು ನಿಜವೇ. "ನಿಮ್ಮ ಡ್ರೈವಿಂಗ್ ಸ್ಟೈಲ್ ಹಾಗಿರಬೇಕು" ಎಂದೂ ಸೇರಿಸಿದರು. ಕ್ಲಚ್ ತುಳಿದವಳು ನಾನಲ್ಲ, ಅವರ ಕಂಪ್ಯೂಟರ್. ಸ್ಟೈಲ್ ಮಾತ್ರ ನನ್ನದಂತೆ!

ಪೂರ್ತಿ ತಪ್ಪು ಗಾಡಿಯದ್ದು ಎನ್ನುವುದಿಲ್ಲ. ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರಿನಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸುವ ಅಭ್ಯಾಸ ನನಗಿತ್ತು. ಹಾಗೆ ಮಾಡಿದರೆ ಕ್ಲಚ್ ಒಳಗೇ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಗೇರಿನ ಗಾಡಿಯಲ್ಲೂ ಹಾಗೇ ಆಗುತ್ತದೆ, ಆದರೆ ಅಲ್ಲಿ ಉಜ್ಜುತ್ತಿರುವುದು ನನ್ನದೇ ಕಾಲು, ನಿಲ್ಲಿಸುವುದೂ ನನಗೇ ಗೊತ್ತು.

ಅದೇ ವರ್ಷ ಎಎಂಟಿ ಮಾರಿ, ಗೇರಿನ ಗಾಡಿ ತಂದೆ. ಈ ಸಲ ಶೋರೂಮಿನವರಿಗೆ ಒಂದೇ ಷರತ್ತು: ಟೆಸ್ಟ್ ಡ್ರೈವ್ ನಮ್ಮ ಮನೆಯ ಏರಿನಲ್ಲಿ ಆಗಬೇಕು. ಅವರ ಟೆಸ್ಟ್ ಡ್ರೈವ್ ಯಾವತ್ತೂ ಹೆದ್ದಾರಿಯಲ್ಲೇ. ಅಲ್ಲಿ ಎತ್ತಿನ ಗಾಡಿಯೂ ಚೆನ್ನಾಗಿ ಹೋಗುತ್ತದೆ. ಬಂದ ಹುಡುಗ ಮೇಲಿನಿಂದ ಒಮ್ಮೆ ಇಣುಕಿ, ಕೀ ನನ್ನ ಕೈಗೆ ಕೊಟ್ಟು, ತಾನು ಡಾಮರು ರಸ್ತೆಯಲ್ಲೇ ನಿಂತ. ಇಳಿದೆ, ರಿವರ್ಸಿನಲ್ಲಿ ಹತ್ತಿದೆ, ತಿರುವಿನಲ್ಲಿ ಎರಡು ಸಲ ನಿಲ್ಲಿಸಿದೆ. ಕಲ್ಲು ಬೇಕಾಗಲಿಲ್ಲ. ಅಲ್ಲೇ ಮುಂಗಡ ಕೊಟ್ಟೆ.

ಉಳಿದ ವಿಷಯಗಳು ಬೇಗ ಹೇಳಿ ಮುಗಿಸುವಂಥವು.

ಮೈಲೇಜಿನಲ್ಲಿ ಹೇಳುವಂಥ ವ್ಯತ್ಯಾಸ ನನಗೆ ಕಾಣಲಿಲ್ಲ. ಅದಕ್ಕಿಂತ, ಮಂಗಳೂರಿಗೆ ಹೋದಾಗ ತಲಪಾಡಿಯ ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ತುಂಬಿಸಿದರೆ ಉಳಿಯುವುದು ಜಾಸ್ತಿ.

ಎಎಂಟಿ ಗೇರು ಬದಲಿಸುವಾಗ ಒಂದು ತೂಗಾಟ ಉಂಟು. ಅತ್ತೆ ಅದಕ್ಕೆ "ತೊಟ್ಟಿಲು" ಎಂದು ಹೆಸರಿಟ್ಟಿದ್ದರು. ಗೇರು ಬದಲಾಗುವ ಹೊತ್ತಿಗೆ ಆಕ್ಸಿಲರೇಟರಿನಿಂದ ಕಾಲು ಸ್ವಲ್ಪ ಸಡಿಲಿಸಿದರೆ ಕಡಿಮೆಯಾಗುತ್ತದೆ.

ಬ್ಯಾಟರಿಯ ವಿಷಯ ಮಾತ್ರ ತಿಳಿದಿರಲಿ. ಹೆಚ್ಚಿನ ಎಎಂಟಿಗಳಲ್ಲಿ ಪಾರ್ಕಿಂಗ್ ಗೇರು ಇರುವುದಿಲ್ಲ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಆಫ್ ಮಾಡಬೇಕು. 2020ರ ಲಾಕ್‌ಡೌನಿನಲ್ಲಿ ಹಾಗೆ ನಿಲ್ಲಿಸಿದ್ದೆ, ಬ್ಯಾಟರಿ ಸತ್ತಿತು. ಕ್ಲಚ್ ಒತ್ತುವ ಯಂತ್ರಕ್ಕೂ ಕರೆಂಟು ಬೇಕಲ್ಲ! ಗಾಡಿ ಗೇರಿನಲ್ಲೇ ಸಿಕ್ಕಿಕೊಂಡಿತು. ಬೇರೆ ಬ್ಯಾಟರಿ ತಂದು ಜೋಡಿಸುವವರೆಗೆ ಒಂದು ಅಡಿ ದೂಡಲಿಕ್ಕಾಗಲಿಲ್ಲ. ಈಗಿನ ಗಾಡಿಯ ಬ್ಯಾಟರಿಯೂ ಒಂದು ಜುಲೈಯಲ್ಲಿ ಶಾಲೆಯ ಮೈದಾನದಲ್ಲಿ ಕೈಕೊಟ್ಟಿತು. ಮೂವರು ಮಾಸ್ಟ್ರುಗಳು ದೂಡಿದರು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಸ್ಟಾರ್ಟ್. ಮಕ್ಕಳು ಚಪ್ಪಾಳೆ ತಟ್ಟಿದರು.

ಆಟೋಮ್ಯಾಟಿಕ್ ನೆನಪಾಗುವ ಜಾಗವೂ ಇದೆ, ಸುಳ್ಳು ಹೇಳಬಾರದು. ಹೆದ್ದಾರಿ 66 ಆರು ಪಥ ಮಾಡುವ ಕೆಲಸ ನಡೆಯುತ್ತಿದ್ದಾಗ ಕುಂಬಳೆ, ಉಪ್ಪಳದ ಸರ್ವಿಸ್ ರಸ್ತೆಗಳಲ್ಲಿ ಬಸ್ಸುಗಳ ಹಿಂದೆ ಆಮೆಯ ಹಾಗೆ ಹೋಗಬೇಕಿತ್ತು. ಆಗ ಎಡ ಮೊಣಕಾಲು ಶಾಪ ಹಾಕುತ್ತಿತ್ತು. ನನ್ನ ದಾರಿ ದಿನಾ ಅದೇ ಆಗಿದ್ದರೆ ಈ ಬರಹ ಉಲ್ಟಾ ಆಗುತ್ತಿತ್ತು. ನನ್ನ ಹಳೆಯ ಎಎಂಟಿ ಕೊಂಡವರು ಕಾಸರಗೋಡು ಪೇಟೆಯವರು. ಮನೆ ಸಮತಟ್ಟು, ಗೇಟು ದಾಟಿದರೆ ರಸ್ತೆ. ಅವರಿಗೆ ಆ ಗಾಡಿ ಎಂದರೆ ಪ್ರಾಣ.

ಅಣ್ಣನ ಸಿವಿಟಿಯ ಮಾತೂ ಹೇಳಬೇಕು. ಬೆಂಗಳೂರಿನಿಂದ ಮೇ ತಿಂಗಳಲ್ಲಿ ಉಪನಯನಕ್ಕೆ ಬಂದವನು ಗಾಡಿ ಇಲ್ಲೇ ಬಿಟ್ಟು ವಿಮಾನದಲ್ಲಿ ಹೋದ. ಹನ್ನೆರಡು ದಿನ ನನ್ನ ಕೈಯಲ್ಲಿತ್ತು. ಅದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ರಾಟೆ, ನಡುವೆ ಒಂದು ಬೆಲ್ಟು. ನಮ್ಮ ಏರನ್ನು ಬೆಣ್ಣೆಯ ಹಾಗೆ ಹತ್ತಿತು. ಜಾರುವುದಿಲ್ಲ, ಹಾರುವುದಿಲ್ಲ. ಜಾಲ್ಸೂರಿನಿಂದ ಸುಳ್ಯ, ಸಂಪಾಜೆಯಾಗಿ ಮಡಿಕೇರಿಗೂ ಹೋಗಿ ಬಂದೆವು. ಘಾಟಿ ಹತ್ತುವಾಗ ಜೋರು ಒತ್ತಿದರೆ ಮಿಕ್ಸಿಯ ಹಾಗೆ ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ಇಳಿಯುವಾಗ ಡಿಯಲ್ಲೇ, ಎಂದರೆ ಮಾಮೂಲು ಡ್ರೈವ್‌ನಲ್ಲೇ ಬಿಟ್ಟರೆ ಬ್ರೇಕಿಗೆ ಕೆಲಸ ಜಾಸ್ತಿ. ಎಲ್‌ಗೆ, ಎಂದರೆ ಲೋಗೆ ಹಾಕಬೇಕು. ನಾನಾದರೆ ಎರಡನೇ ಗೇರಿನಲ್ಲಿ ಇಂಜಿನ್ನೇ ಹಿಡಿದುಕೊಳ್ಳುವ ಹಾಗೆ ಇಳಿಯುವವಳು. ಇನ್ನೊಂದು: ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ, ಎಂದರೆ ಪಾರ್ಕಿಂಗ್. ಉಲ್ಟಾ ಮಾಡಿದರೆ ಗಾಡಿಯ ಭಾರವೆಲ್ಲ ಒಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಮರುದಿನ ಪಿಯಿಂದ ತೆಗೆಯುವಾಗ ಟಕ್ಕೆಂದು ಎದೆ ನಡುಗುವ ಸದ್ದು. ಮೊದಲ ದಿನ ನನಗೆ ಹಾಗೇ ಆಯಿತು. ಅಣ್ಣನಿಗೆ ಹೇಳಿಲ್ಲ.

ಸಿವಿಟಿ ಒಳ್ಳೆಯದು, ಒಪ್ಪಿದೆ. ಆದರೆ ಅದೇ ಗಾಡಿಯ ಗೇರಿನ ಮಾದರಿಗಿಂತ ಅಣ್ಣ ಒಂದು ಲಕ್ಷದ ಮೇಲೆ ಜಾಸ್ತಿ ಕೊಟ್ಟಿದ್ದಾನೆ. ಗಾಡಿಯ ಬೆಲೆ ಏರಿದ ಹಾಗೆ ಕೇರಳದ ರಸ್ತೆ ತೆರಿಗೆಯೂ ಏರುತ್ತದೆ, ವಿಮೆಯೂ. ನನ್ನದು ಸಹಕಾರಿ ಬ್ಯಾಂಕಿನ ಸಾಲ. ದಿನಕ್ಕೆ ಓಡುವುದು ಇಪ್ಪತ್ತೆಂಟು ಕಿಲೋಮೀಟರ್, ಅದರಲ್ಲಿ ಜಾಮ್ ಎಂದರೆ ಬದಿಯಡ್ಕ ಪೇಟೆಯ ಐದು ನಿಮಿಷ. ಐದು ನಿಮಿಷದ ಮೊಣಕಾಲು ನೋವಿಗೆ ಒಂದು ಲಕ್ಷ ಕೊಡುವಷ್ಟು ಸಂಬಳ ನನಗಿಲ್ಲ. ಅಗ್ಗದ ಎಎಂಟಿ ನಮ್ಮ ಏರಿಗೆ ಆಗುವುದಿಲ್ಲ. ಹಿಲ್ ಹೋಲ್ಡ್ ಇರುವ ಎಎಂಟಿ ಆದೀತೋ ಏನೋ, ಆದರೆ ಇನ್ನೊಮ್ಮೆ ಪರೀಕ್ಷೆಗೆ ಕೂರುವ ಧೈರ್ಯ ಇಲ್ಲ. ಗೇರಿನ ಗಾಡಿ ನಲವತ್ತೊಂದು ಸಾವಿರ ಕಿಲೋಮೀಟರ್ ದಾಟಿದೆ, ಕ್ಲಚ್ ಅದೇ ಹಳೆಯದು.

ಆ ಮುರಕಲ್ಲಿನ ತುಂಡು ಈಗಲೂ ತಿರುವಿನಲ್ಲೇ ಇದೆ. ತೆಗೆಯಿರಿ ಎಂದರೆ ಇವರು ಕೇಳುವುದಿಲ್ಲ. ನೆಂಟರು ಆಟೋಮ್ಯಾಟಿಕ್ ತಂದರೆ ಬೇಕಾಗುತ್ತದಂತೆ. ಹೋದ ತಿಂಗಳ ಪೂಜೆಗೆ ಎರಡು ಸಲ ಬೇಕಾಯಿತು.