ಅಪ್ಪನ ಸ್ಟ್ರೋಕ್ ರಿಹ್ಯಾಬ್‌ಗೆ ಒಂದೇ ದಾಖಲೆ: 14 ತಿಂಗಳು ಬಳಸಿದ ಮೇಲೆ

ಅಪ್ಪನಿಗೆ ಸ್ಟ್ರೋಕ್ ಆದಾಗ ಮೊದಲು ಸೇರಿಸಿದ್ದು ಒಂದು ಆಸ್ಪತ್ರೆ, ರಿಹ್ಯಾಬ್ ಆಗಿದ್ದು ಇನ್ನೊಂದರಲ್ಲಿ. ಈಗ ಮನೆಗೇ ಫಿಸಿಯೋಥೆರಪಿಸ್ಟ್ ಬರುತ್ತಾರೆ. ಎಲ್ಲರೂ ನೋಡುವುದು ಒಂದೇ ಆನ್‌ಲೈನ್ ದಾಖಲೆ. ಮನೆಯವರಿಗೂ ಒಂದು ಲಾಗಿನ್ ಕೊಟ್ಟಿದ್ದಾರೆ.

ರಿಹ್ಯಾಬ್ ಆಸ್ಪತ್ರೆಯ ಮೊದಲ ದಿನ ನನಗಿನ್ನೂ ನೆನಪಿದೆ. ಅಪ್ಪನನ್ನು ಕೂರಿಸುವಾಗ ನರ್ಸ್ ಎಡಗೈ ಹಿಡಿದು ಎಳೆಯಲಿಲ್ಲ. ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದರು, ತೋಳಿನ ಕೆಳಗೆ ದಿಂಬು ಇಟ್ಟರು. "ಭುಜದ ಕೀಲು ಸಡಿಲ ಆಗಿದೆ ಅಂತ ದಾಖಲೆಯಲ್ಲಿ ಬರೆದಿದ್ದಾರೆ" ಅಂದರು. ನಾನಿನ್ನೂ ಒಂದು ಮಾತೂ ಹೇಳಿರಲಿಲ್ಲ. ಅಲ್ಲೇ ಕಣ್ಣು ತುಂಬಿ ಬಂತು.

ಆಗ ಶುರುವಾದ ಒಂದು ಅಭ್ಯಾಸ ತಿಂಗಳುಗಟ್ಟಲೆ ನಡೆಯಿತು. ಅಪ್ಪನಿಗೆ ನುಂಗಲು ಕಷ್ಟ, ಹಾಗಾಗಿ ನೀರಿಗೆ ಗಟ್ಟಿ ಮಾಡುವ ಪುಡಿ ಕಲಸಬೇಕು. ಬೆಳಿಗ್ಗೆ ಕಲಸಿದ ನೀರನ್ನು 10 ಎಂಎಲ್ ಸಿರಿಂಜ್‌ಗೆ ತುಂಬಿ, ತುದಿಯಿಂದ ಬೆರಳು ತೆಗೆದು 10 ಸೆಕೆಂಡ್ ಎಣಿಸುತ್ತಿದ್ದೆ. ಒಳಗೆ 4ರಿಂದ 8 ಎಂಎಲ್ ಉಳಿದರೆ ಅದು ಗಟ್ಟಿತನದ ಲೆವೆಲ್ 2, ಅಪ್ಪನಿಗೆ ಹೇಳಿದ್ದು ಅದೇ. "ಲೆವೆಲ್ 2, ಕೆಮ್ಮು ಇಲ್ಲ" ಅಂತ ಫೋನ್‌ನಲ್ಲಿ ಹಾಕಿದರೆ ಸ್ಪೀಚ್ ಥೆರಪಿಸ್ಟ್ ಅದನ್ನು ಆಸ್ಪತ್ರೆಯಲ್ಲೇ ನೋಡುತ್ತಿದ್ದರು. ಒಮ್ಮೆ ಎರಡು ದಿನ ಹಾಕಲಿಲ್ಲ, ಅವರೇ ಕೇಳಿ ಮೆಸೇಜ್ ಮಾಡಿದರು.

ಆದರೆ ಒಂದು ದೊಡ್ಡ ಕೊರತೆ ಇದೆ. ಬಾರ್ಥೆಲ್ ಸ್ಕೋರ್ ಗೊತ್ತಲ್ವಾ? ರೋಗಿ ದಿನದ ಕೆಲಸಗಳನ್ನು ಎಷ್ಟರ ಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಅಂತ ಕೊಡುವ ಅಂಕ. ಊಟ, ಸ್ನಾನ, ಬಟ್ಟೆ, ಟಾಯ್ಲೆಟ್, ಮೂತ್ರದ ಹಿಡಿತ, ಮೆಟ್ಟಿಲು ಹೀಗೆ ಹತ್ತು ವಿಷಯ, ಒಟ್ಟು 100. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಹತ್ತನ್ನೂ ಬೇರೆ ಬೇರೆಯಾಗಿಯೇ ತುಂಬುತ್ತಾರೆ. ಆಸ್ಪತ್ರೆಯ ಸ್ಕ್ರೀನ್‌ನಲ್ಲಿ ಕಾಣುವುದು ಮಾತ್ರ ಒಟ್ಟು ಅಂಕ.

ಮನೆಗೆ ಬಂದು ಐದನೇ ತಿಂಗಳು ಅಪ್ಪ ತಾವೇ ಊಟ ಮಾಡಲು ಶುರು ಮಾಡಿದರು. ಊಟದ ಅಂಕ 5 ಇದ್ದದ್ದು 10 ಆಯಿತು. ಅದೇ ವಾರ ಮೂತ್ರದ ಹಿಡಿತ ತಪ್ಪಿತು, ಅದರ ಅಂಕ 10 ಇದ್ದದ್ದು 5 ಆಯಿತು. ಒಟ್ಟು ಅಂಕ ಹೋದ ತಿಂಗಳೂ 55, ಈ ತಿಂಗಳೂ 55. "ಬದಲಾವಣೆ ಇಲ್ಲ" ಅಂತ ಆಸ್ಪತ್ರೆಯಿಂದ ಉತ್ತರ ಬಂತು. ವಯಸ್ಸಿನ ತೊಂದರೆ ಇರಬೇಕು ಅಂತ ನಾವೂ ಸುಮ್ನೆ ಇದ್ದೆವು. ನಾಲ್ಕು ದಿನದ ಮೇಲೆ ಜ್ವರ ಬಂದಾಗಲೇ ಮೂತ್ರದ ಸೋಂಕು ಅಂತ ಗೊತ್ತಾಗಿದ್ದು. ಅಷ್ಟು ದಿನ ಅಪ್ಪ ಒದ್ದೆ ಹಾಸಿಗೆಯಲ್ಲಿ ನಾಚಿಕೆಯಿಂದ ಮುಖ ತಿರುಗಿಸಿ ಮಲಗಿದ್ದರು. ಅದನ್ನು ಮರೆಯಲು ನನಗೆ ಇವತ್ತಿಗೂ ಆಗಿಲ್ಲ.

ದೂರು ಕೊಟ್ಟೆ, ಇನ್ನೂ ಸರಿ ಮಾಡಿಲ್ಲ. ಹಾಗಂತ ಬಿಡುವ ಯೋಚನೆಯೂ ಇಲ್ಲ. ಫೈಲ್ ಹೊತ್ತು ಪ್ರತಿ ಕೌಂಟರ್‌ನಲ್ಲೂ ಮೊದಲಿಂದ ಕಥೆ ಹೇಳುವ ಕಷ್ಟ ಇದರಿಂದ ತಪ್ಪಿದೆ, ನನಗೆ ಅದೇ ಜಾಸ್ತಿ. ನೀವೂ ಇಂಥದ್ದು ಬಳಸುತ್ತಿದ್ದರೆ ಆಸ್ಪತ್ರೆಯವರಿಗೆ ಏನು ಕಾಣುತ್ತದೆ ಅಂತ ಅವರ ಸ್ಕ್ರೀನ್‌ನಲ್ಲೇ ಒಮ್ಮೆ ತೋರಿಸಲು ಕೇಳಿ. ನಾನಂತೂ ಈಗ ಪ್ರತಿ ಭಾನುವಾರ ಟಿಪ್ಪಣಿ ಜಾಗದಲ್ಲಿ ಹತ್ತೂ ಅಂಕಗಳನ್ನು ಕೈಯಾರೆ ಬರೆಯುತ್ತೇನೆ, ಕಡಿಮೆಯಾಗಿದ್ದನ್ನು ಮೊದಲ ಸಾಲಿಗೆ ಹಾಕುತ್ತೇನೆ.