ಡೊಮೇನ್ ಖಾತೆಗೆ ಅದೇ ಡೊಮೇನಿನ ಇಮೇಲ್ ಕೊಡಬೇಡಿ

ಐದು ವರ್ಷ ನನ್ನದಾಗಿದ್ದ ಜಾಲತಾಣದ ಹೆಸರನ್ನು, ಅಂದರೆ ಡೊಮೇನನ್ನು, ಇಂದು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಜೂಜಿನ ಜಾಹೀರಾತುಗಳು ತೆರೆದುಕೊಳ್ಳುತ್ತವೆ. ಯಾರೂ ಹ್ಯಾಕ್ ಮಾಡಲಿಲ್ಲ, ಯಾರೂ ಕದಿಯಲಿಲ್ಲ. ನಾನೇ ಕೈಯಾರೆ ಕಳೆದುಕೊಂಡೆ. ಮೊದಲ ಬಾರಿಗೆ ಸ್ವಂತ ತಾಣ ಮಾಡಲು ಹೊರಟವರು ಇಷ್ಟನ್ನು ಓದಿಕೊಂಡು ಹೊರಡಲಿ ಎಂದು ಬರೆಯುತ್ತಿದ್ದೇನೆ.

2016ರಲ್ಲಿ ನಾನು ತೆಗೆದ ಹಕ್ಕಿಗಳ ಚಿತ್ರಗಳಿಗೊಂದು ನೆಲೆ ಬೇಕೆನಿಸಿ ಡಾಟ್ ಕಾಂ ಹೆಸರೊಂದನ್ನು ನೋಂದಾಯಿಸಿದೆ. ಒಮ್ಮೆಗೆ ಗರಿಷ್ಠ 10 ವರ್ಷ ಪಡೆಯಬಹುದು. ನಾನು 5 ವರ್ಷಕ್ಕೆ ಹಣ ಕಟ್ಟಿ, ಕಾರ್ಡಿನ ವಿವರ ಉಳಿಸಿ, ತಾನಾಗಿಯೇ ನವೀಕರಣವಾಗುವ ಆಯ್ಕೆಗೆ ಗುರುತು ಹಾಕಿ ಮರೆತುಬಿಟ್ಟೆ. ಅರ್ಜಿಯಲ್ಲಿ ‘ಸಂಸ್ಥೆ’ ಎಂಬ ಜಾಗದಲ್ಲಿ ತಾಣದ ಹೆಸರನ್ನೇ ತುಂಬಿದ್ದೆ. ಖಾಲಿ ಬಿಡುವುದೇಕೆ ಎಂಬ ಉತ್ಸಾಹ, ಅಷ್ಟೇ. ಕೆಲವೇ ದಿನಗಳಲ್ಲಿ ಅದೇ ಹೆಸರಿನ ಇಮೇಲ್ ವಿಳಾಸವೂ ಸಿದ್ಧವಾಯಿತು. ಆ ಗತ್ತಿನಲ್ಲಿ ರಿಜಿಸ್ಟ್ರಾರ್ (ಹೆಸರನ್ನು ನೋಂದಾಯಿಸಿಕೊಡುವ ಕಂಪನಿ) ಖಾತೆಯಲ್ಲಿದ್ದ ಹಳೆಯ ಉಚಿತ ಇಮೇಲನ್ನು ಅಳಿಸಿ ಈ ಹೊಸದನ್ನು ಹಾಕಿದೆ. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟಿದ್ದೇನೆ ಎಂದು ಆಗ ಹೊಳೆಯಲಿಲ್ಲ.

ಆಗೆಲ್ಲ ನೋಂದಣಿದಾರರ ಹೆಸರು, ವಿಳಾಸ, ಇಮೇಲ್ ಎಲ್ಲವೂ ಯಾವ ಡೊಮೇನ್ ಯಾರದು ಎಂದು ತಿಳಿಸುವ ಹೂಯಿಸ್ ಎಂಬ ದಾಖಲೆಯಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿರುತ್ತಿದ್ದವು. ಯುರೋಪಿನ ದತ್ತಾಂಶ ರಕ್ಷಣೆಯ ನಿಯಮ 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಬಹುಪಾಲು ವಿವರಗಳಿಗೆ ಮರೆ ಸಿಕ್ಕಿತು. ಆದರೆ ಅಷ್ಟರಲ್ಲಿ ನನ್ನ ವಿಳಾಸ ಯಾರ‍್ಯಾರದೋ ಪಟ್ಟಿ ಸೇರಿಯಾಗಿತ್ತು. ನಿಮ್ಮ ಡೊಮೇನ್ ಅವಧಿ ಮುಗಿಯುತ್ತಿದೆ, ಕೂಡಲೇ ಹಣ ಕಟ್ಟಿ ಎಂಬ ಪತ್ರಗಳು ಬರತೊಡಗಿದವು. ಅವಧಿ ಮುಗಿಯುವ ದಿನಾಂಕ ಸಾರ್ವಜನಿಕ ದಾಖಲೆಯಲ್ಲೇ ಇರುವುದರಿಂದ ಅದನ್ನು ಕರಾರುವಾಕ್ಕಾಗಿ ಬರೆದಿರುತ್ತಿದ್ದರು. ನೋಡಿದರೆ ಅಸಲಿ ಬಿಲ್ಲಿನಂತೆಯೇ ಇರುತ್ತಿತ್ತು. ಮೊದಲ ವರ್ಷ ಅಂಥದ್ದೊಂದಕ್ಕೆ ಹಣವನ್ನೂ ಕಟ್ಟಿದೆ. ಕೆಳಗಿನ ಸಣ್ಣ ಅಕ್ಷರಗಳನ್ನು ಆಮೇಲೆ ಓದಿದರೆ, ನಾನು ಕಟ್ಟಿದ್ದು ನವೀಕರಣಕ್ಕಲ್ಲ, ‘ಸರ್ಚ್ ಎಂಜಿನ್‌ಗಳಲ್ಲಿ ಸೇರ್ಪಡೆ’ಗೆ. ಗೂಗಲ್ ತನ್ನ ಹುಡುಕಾಟದಲ್ಲಿ ಪುಟ ಸೇರಿಸಿಕೊಳ್ಳಲು ಬಿಡಿಗಾಸನ್ನೂ ಕೇಳುವುದಿಲ್ಲ.

ಬಿಸಿ ಮುಟ್ಟಿದ್ದೇ ತಡ, ಡೊಮೇನ್ ಅವಧಿಯ ಮಾತಿರುವ ಮೇಲ್‌ಗಳೆಲ್ಲ ನೇರವಾಗಿ ಕಸದ ಬುಟ್ಟಿಗೆ ಹೋಗುವಂತೆ ಫಿಲ್ಟರ್ ಹಾಕಿದೆ. ಬಹಳ ಜಾಣತನದ ಕೆಲಸ ಎಂದುಕೊಂಡಿದ್ದೆ.

ನಿಯಮದ ಪ್ರಕಾರ ರಿಜಿಸ್ಟ್ರಾರ್ ಅವಧಿಗೆ ಸುಮಾರು ಒಂದು ತಿಂಗಳ ಮೊದಲು ಒಮ್ಮೆ, ಒಂದು ವಾರದ ಮೊದಲು ಇನ್ನೊಮ್ಮೆ ಎಚ್ಚರಿಸಬೇಕು. 2021ರಲ್ಲಿ ನನ್ನ ರಿಜಿಸ್ಟ್ರಾರ್ ಎರಡು ಬಾರಿಯೂ ಎಚ್ಚರಿಸಿದ್ದ. ಎರಡೂ ಬುಟ್ಟಿಗೆ ಹೋದವು. ಐದು ವರ್ಷದ ಹಿಂದೆ ಉಳಿಸಿಟ್ಟಿದ್ದ ಕಾರ್ಡ್ ಅಷ್ಟರಲ್ಲಿ ಸತ್ತು, ಬೇರೆ ಸಂಖ್ಯೆಯ ಕಾರ್ಡ್ ಬಂದಿತ್ತು. ತಾನಾಗಿಯೇ ಆಗಬೇಕಿದ್ದ ನವೀಕರಣ ಆಗಲಿಲ್ಲ. ಅವಧಿ ಮುಗಿದ ಮೇಲಿನ ಮೂರನೆಯ ಎಚ್ಚರಿಕೆ ಬರುವ ಹೊತ್ತಿಗೆ ಅದನ್ನು ಸ್ವೀಕರಿಸಬೇಕಾದ ಅಂಚೆಪೆಟ್ಟಿಗೆಯೇ ಉಸಿರು ನಿಲ್ಲಿಸಿತ್ತು.

ತಾಣ ತೆರೆಯುತ್ತಿಲ್ಲ ಎಂದು ಗೆಳೆಯನೊಬ್ಬ ಹೇಳಿದ್ದು ಎಷ್ಟೋ ದಿನಗಳ ನಂತರ. ನನ್ನ ತಾಣವನ್ನು ನಾನೇ ನೋಡುತ್ತಿರಲಿಲ್ಲ ಎಂಬುದೂ ಆಗಲೇ ಅರಿವಿಗೆ ಬಂತು. ತಾಣದ ಕಡತಗಳಿಗೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿಯವರ ಮೇಲೆ ಒಂದು ವಾರ ಹರಿಹಾಯ್ದೆ. ನಿಮ್ಮ ಕಡತಗಳೆಲ್ಲ ಕ್ಷೇಮವಾಗಿವೆ, ಹೆಸರನ್ನು ಕೇಳಬೇಕಾದದ್ದು ಬೇರೆ ಕಡೆ ಎಂದು ಅವರು ತಾಳ್ಮೆಯಿಂದಲೇ ಹೇಳುತ್ತಿದ್ದರು. ಜಾಗ ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದು ನನ್ನ ತಲೆಗೆ ಹತ್ತಲು ಆ ಒಂದು ವಾರ ಬೇಕಾಯಿತು.

ರಿಜಿಸ್ಟ್ರಾರ್ ಖಾತೆಗೆ ಹೋದರೆ ಪಾಸ್‌ವರ್ಡ್ ನೆನಪಿಲ್ಲ. ‘ಮರೆತಿದ್ದೀರಾ?’ ಎಂಬುದನ್ನು ಒತ್ತಿದೆ. ಕೊಂಡಿಯನ್ನು ನಿಮ್ಮ ಇಮೇಲ್‌ಗೆ ಕಳಿಸಿದ್ದೇವೆ ಎಂಬ ಉತ್ತರ ಬಂತು. ಯಾವ ಇಮೇಲ್? ಸತ್ತುಹೋದ ಆ ಹೆಸರಿನದೇ. ಹೆಸರು ಬದುಕಿದರೆ ಮೇಲ್ ಬರುತ್ತದೆ, ಮೇಲ್ ಬಂದರೆ ಹೆಸರು ಬದುಕುತ್ತದೆ.

ಗುರುತಿನ ಚೀಟಿ ಕಳಿಸಿ ಎಂದರು. ಕಳಿಸಿದೆ. ದಾಖಲೆಯಲ್ಲಿ ಮಾಲೀಕ ಎಂದು ಇರುವುದು ಒಂದು ಸಂಸ್ಥೆ, ಅದರ ನೋಂದಣಿ ಪತ್ರ ಕೊಡಿ ಎಂದರು. ಇಲ್ಲದ ಸಂಸ್ಥೆಗೆ ಪತ್ರ ಎಲ್ಲಿಂದ ತರಲಿ? ‘ಸಂಸ್ಥೆ’ ಎಂಬ ಜಾಗ ತುಂಬಿದರೆ ಮಾಲೀಕತ್ವ ಆ ಸಂಸ್ಥೆಯದೇ ಎಂದು ಪರಿಗಣಿಸುತ್ತಾರೆ. ಇದು ಯಾರಿಗೂ ಮೊದಲು ಹೊಳೆಯುವ ವಿಷಯವಲ್ಲ, ಹಾಗಾಗಿ ಒತ್ತಿ ಹೇಳುತ್ತಿದ್ದೇನೆ.

ಅತ್ತ ಗಡಿಯಾರ ನಿಂತಿರಲಿಲ್ಲ. ಡಾಟ್ ಕಾಂ ಹೆಸರು ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ರಿಜಿಸ್ಟ್ರಾರ್ ಕೈಯಲ್ಲಿ ಉಳಿಯುತ್ತದೆ. ಎಷ್ಟೋ ಕಡೆ ಅದಕ್ಕೂ ಮೊದಲೇ ಹರಾಜಿಗೆ ಹೋಗುತ್ತದೆ. ರಿಜಿಸ್ಟ್ರಾರ್ ಅದನ್ನು ಅಳಿಸಿದ ಮೇಲೆ ಇನ್ನೂ 30 ದಿನ ದುಬಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅದೂ ಕಳೆದರೆ ಉಳಿಯುವ 5 ದಿನಗಳಲ್ಲಿ ಯಾರೂ ಏನೂ ಮಾಡುವಂತಿಲ್ಲ. ನನ್ನ ಕಾಗದಪತ್ರಗಳ ಜಗ್ಗಾಟ ಈ ಗಡುವುಗಳನ್ನೆಲ್ಲ ತಿಂದುಹಾಕಿತು. ಬಿಡುಗಡೆಯಾಗುವ ಹೆಸರುಗಳಿಗಾಗಿಯೇ ಕಾದು ಕೂತ ತಂತ್ರಾಂಶಗಳಿವೆ. ಅಂಥದ್ದೊಂದು ನನ್ನದನ್ನು ಕ್ಷಣದಲ್ಲಿ ಹೆಕ್ಕಿಕೊಂಡಿತು. ದೂರು ಕೊಡುವ ವ್ಯವಸ್ಥೆಯೇನೋ ಇದೆ, ಆದರೆ ಅದು ಟ್ರೇಡ್‌ಮಾರ್ಕ್ ಹಕ್ಕು ಇರುವವರಿಗೆ.

ಚಿತ್ರಗಳು ನನ್ನ ಬಳಿಯೇ ಇದ್ದವು, ಆ ನಷ್ಟವನ್ನು ನುಂಗಿಕೊಂಡೆ. ನಿದ್ದೆಗೆಡಿಸಿದ್ದು ಬೇರೆಯದು. ಹೆಸರಿನ ಹೊಸ ಒಡೆಯ ನನ್ನ ಹಳೆಯ ಇಮೇಲ್ ವಿಳಾಸವನ್ನೇ ಮತ್ತೆ ಹುಟ್ಟಿಸಬಲ್ಲ. ಬ್ಯಾಂಕು, ಸಾಮಾಜಿಕ ಜಾಲತಾಣ, ಪರಿಚಯದವರು, ಎಲ್ಲರ ಬಳಿಯೂ ಆ ವಿಳಾಸವಿತ್ತು. ನನ್ನ ಖಾತೆಯ ಪಾಸ್‌ವರ್ಡ್ ಬದಲಿಸುವ ಕೊಂಡಿ ಅಪರಿಚಿತನ ಕೈಗೆ ತಲುಪಬಹುದಿತ್ತು. ಎರಡು ರಾತ್ರಿ ಕೂತು ಒಂದೊಂದೇ ಖಾತೆಯಲ್ಲಿ ವಿಳಾಸ ಬದಲಿಸಿದೆ. ಕೆಲವು ಕಡೆ ಅದಕ್ಕೂ ಹಳೆಯ ಇಮೇಲ್‌ಗೆ ಬರುವ ಸಂಕೇತವನ್ನೇ ಕೇಳಿದರು. ಆ ಖಾತೆಗಳನ್ನು ಕೈಬಿಟ್ಟೆ.

ಈಗಿನ ಹೊಸ ಡೊಮೇನ್ ನನ್ನ ಸ್ವಂತ ಹೆಸರಿನಲ್ಲಿದೆ, ಸಂಸ್ಥೆಯ ಜಾಗ ಖಾಲಿಯಿದೆ. ಖಾತೆಗೆ ಕೊಟ್ಟಿರುವುದು ದಿನವೂ ತೆರೆಯುವ, ಈ ಡೊಮೇನಿಗೆ ಸಂಬಂಧವೇ ಇಲ್ಲದ ಇಮೇಲ್. ನವೀಕರಣದ ಪತ್ರ ಬಂದರೆ ಅದರೊಳಗಿನ ಕೊಂಡಿಯನ್ನು ಒತ್ತುವುದಿಲ್ಲ, ರಿಜಿಸ್ಟ್ರಾರ್ ತಾಣಕ್ಕೆ ನಾನೇ ಹೋಗಿ ದಿನಾಂಕ ನೋಡುತ್ತೇನೆ. ಅವಧಿಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆದಿದ್ದೇನೆ.

ಆ ನಕಲಿ ಪತ್ರಗಳು ಮಾತ್ರ ನಿಂತಿಲ್ಲ. ನನ್ನದಲ್ಲದ ಆ ಹಳೆಯ ಹೆಸರನ್ನು ಕೂಡಲೇ ನವೀಕರಿಸಿ ಎಂದು ಹೋದ ವಾರವೂ ಒಂದು ಬಂದಿತ್ತು.