ಮೂರು ಮಳೆಗಾಲ ಕಂಡ ಹಣೆ ಟಾರ್ಚು: ತಂದದ್ದು ಮೋಟಾರಿಗೆ, ಬಳಸಿದ್ದು ಕಪ್ಪೆಗೆ

ಕೊಂಡು ಮೂರು ವರ್ಷ ದಾಟಿತು. ಕೊಟ್ಟ ದುಡ್ಡು 1,150 ರೂಪಾಯಿ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಪೂರ್ತಿ ಒಂದು ಅಂಕ ಅದರ ಗುಂಡಿಗೇ ಹೋಗಿದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕಂಪನಿ ಹೆಸರು ಬೇಡ, ಇದೇ ಅಚ್ಚಿನ ಟಾರ್ಚುಗಳು ಹತ್ತು ಹೆಸರಲ್ಲಿ ಸಿಗುತ್ತವೆ.

ನಮ್ಮದು ಗುಬ್ಬಿ ಕಡೆಯ ಹಳ್ಳಿ. ಅಡಿಕೆ, ತೆಂಗು, ಸ್ವಲ್ಪ ರಾಗಿ. ತ್ರೀ ಫೇಸ್ ಕರೆಂಟು ಕೆಲವು ವಾರ ರಾತ್ರಿ ಹನ್ನೊಂದಕ್ಕೆ ಬರುತ್ತದೆ, ಕೆಲವು ವಾರ ಎರಡಕ್ಕೆ. ಎದ್ದು ಹೋಗಿ ಮೋಟಾರು ಹಾಕಬೇಕು, ಗೇಟ್‌ವಾಲ್ವ್ ತಿರುಗಿಸಬೇಕು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೊಡೆ ಇದ್ದರೆ ವಾಲ್ವನ್ನು ಹಲ್ಲಲ್ಲಿ ತಿರುಗಿಸಬೇಕಷ್ಟೇ. ಅದಕ್ಕೇ ಹಣೆಗೆ ಕಟ್ಟುವುದು ತಂದೆ. ಆ ಕೆಲಸಕ್ಕೆ ಚೆನ್ನಾಗಿಯೇ ಇದೆ, ಹೆಚ್ಚು ಹೇಳುವುದೇನಿಲ್ಲ.

ಕಟ್ಟಿಕೊಂಡ ಮೊದಲ ರಾತ್ರಿಯೇ ಬದುವಿನ ಮೇಲೆಲ್ಲ ಚುಕ್ಕಿ ಚುಕ್ಕಿ ಹೊಳೆಯಿತು. ನಲವತ್ತು ವರ್ಷ ಅದೇ ಬದುವಿನಲ್ಲಿ ಓಡಾಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ರಾತ್ರಿ ಓಡಾಡುವ ಎಷ್ಟೋ ಪ್ರಾಣಿಗಳ ಕಣ್ಣು ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಟಾರ್ಚು ಸೊಂಟದ ಹತ್ತಿರ ಇದ್ದರೆ ಆ ಹೊಳಪು ಸೊಂಟಕ್ಕೇ ಬರುತ್ತದೆ. ಹಣೆಯಲ್ಲಿದ್ದರೆ ನಮ್ಮ ಕಣ್ಣಿಗೆ ಸಿಗುತ್ತದೆ. ಸಾಸಿವೆಯಷ್ಟು ಚಿಕ್ಕದಾಗಿ, ಇಬ್ಬನಿ ಹಾಗೆ ಮಿನುಗಿದರೆ ಜೇಡ. ದೊಡ್ಡದಾಗಿ, ನಿಂತು ನೋಡುವ ಹಾಗೆ ಹೊಳೆದರೆ ಕಪ್ಪೆ. ಈ ಒಂದು ವಿಷಯಕ್ಕೆ ಎರಡು ಅಂಕ ಕೊಟ್ಟಿದ್ದೇನೆ.

ಪಂಪ್‌ಹೌಸ್ ಇರುವುದು ತೋಟಕ್ಕೂ ಕೆರೆಗೂ ನಡುವೆ. ಅಲ್ಲಿಂದ ಕೆರೆ ಏರಿಗೆ ನನ್ನ ಕಾಲಳತೆಯಲ್ಲಿ ನಾನೂರು ಹೆಜ್ಜೆ. ಭರಣಿ ಮಳೆ ಒಮ್ಮೆ ಜೋರಾಗಿ ಹೊಡೆದರೆ ಸಾಕು, ನೆಲಗಪ್ಪೆಗಳು ಕೆರೆ ಕಡೆಗೆ ಹೊರಡುತ್ತವೆ. ಮೊದಲ ವರ್ಷ ನನಗೆ ಎಲ್ಲವೂ ಒಂದೇ ಆಗಿತ್ತು. ಮಳೆ ಬಂತು, ಹೋದವು, ಅಷ್ಟೇ.

ಎರಡನೇ ವರ್ಷ ಎರಡು ಕಪ್ಪೆಗಳ ಗುರುತು ಸಿಕ್ಕಿತು. ಸ್ಟಾರ್ಟರ್ ಡಬ್ಬದ ಕೆಳಗಿನ ಸಂದಿಯಲ್ಲಿ ಒಂದು ದಪ್ಪ ಹೆಣ್ಣು, ಮೂಗಿನ ಪಕ್ಕ ಬಿಳಿ ಗಂಟು. ಮಗಳು ಅದಕ್ಕೆ ಮೂಗುತಿ ಅಂತ ಹೆಸರಿಟ್ಟಳು. ಹೊರಗಿನ ಇಟ್ಟಿಗೆ ಗುಡ್ಡೆಯಲ್ಲಿ ಒಂದು ಗಂಡು, ಬಲಗಾಲಿನ ಒಂದು ಬೆರಳು ಇಲ್ಲ. ಅದು ಮೊಂಡ.

ಒಂದೇ ಜಾತಿ, ಒಂದೇ ಜಾಗ, ಒಂದೇ ಮಳೆ. ಮೊಂಡ ಗುಡುಗು ಕೇಳಿದ ರಾತ್ರಿಯೇ ದಾರಿಯಲ್ಲಿರುತ್ತಿತ್ತು. ಮೂಗುತಿ ಮಾತ್ರ ಸೋರುವ ಪೈಪಿನ ಕೆಳಗೆ ಒದ್ದೆ ಮರಳಿಗೆ ಹೊಟ್ಟೆ ಒತ್ತಿಕೊಂಡು ಕೂತಿರುತ್ತಿತ್ತು. ನೆಲಗಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆ ಮತ್ತು ತೊಡೆಯ ಹತ್ತಿರದ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ಹತ್ತು ನಿಮಿಷ ಅಲ್ಲಾಡದೆ ಕೂತದ್ದನ್ನು ನೋಡಿದ್ದೇನೆ, ಗಂಟಲು ಮಾತ್ರ ಪಟಪಟ ಅನ್ನುತ್ತಿತ್ತು. ಆ ವರ್ಷ ಅದು ಕೆರೆಗೆ ಹೋದದ್ದನ್ನು ನಾನು ಕಾಣಲೇ ಇಲ್ಲ. ಮುಂದಿನ ವರ್ಷ ರೋಹಿಣಿ ಮಳೆಗೆ ಹೋಯಿತು, ಮೂರನೇ ರಾತ್ರಿ ವಾಪಸ್ ಅದೇ ಡಬ್ಬದ ಕೆಳಗೆ ಇತ್ತು.

ಬೆಳಕು ಬಿಟ್ಟರೂ ಇಬ್ಬರದೂ ಬೇರೆ ಬೇರೆ ಥರ. ಮೊಂಡ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಮೂಗುತಿ ಮೈ ಉಬ್ಬಿಸಿ, ತಲೆ ತಗ್ಗಿಸಿ ಅಲ್ಲೇ ಕೂರುತ್ತಿತ್ತು. ಮಗಳು ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. "ಅಪ್ಪಾ, ಒಂದು ದಿನ ನೋಡಿ ಸ್ವಭಾವ ಅನ್ನಬೇಡ. ಬೇರೆ ಬೇರೆ ದಿನವೂ ಹಾಗೇ ಮಾಡಿದರೆ ಆಗ ಅದು ಸ್ವಭಾವ" ಅಂದಳು. ಸರಿ ಅಂತ ಡೇರಿ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆಯಲು ಶುರು ಮಾಡಿದೆ. ಹನ್ನೊಂದು ರಾತ್ರಿ ಬರೆದಿದ್ದೇನೆ. ಮೊಂಡ ಎರಡು ಸಲ ಮಾತ್ರ ಹೆದರಿತು, ಮೂಗುತಿ ಹನ್ನೊಂದೂ ಸಲ ಉಬ್ಬಿತು. ಮನೆಯವಳು "ಏನ್ರೀ, ಕರೆಂಟ್ ಬಂತೋ ಕಪ್ಪೆ ಬಂತೋ?" ಅಂತ ಕೇಳುವುದು ಆಗಿನಿಂದಲೇ.

ಇದು ನಮ್ಮೂರ ಕಪ್ಪೆಯ ಹುಚ್ಚು ಮಾತ್ರ ಅಲ್ಲ. ಅಮೆರಿಕದ ವರ್ಜೀನಿಯಾ ಬೆಟ್ಟಗಳಲ್ಲಿ ಒಂದು ಜಾತಿಯ ಕಾಡುಗಪ್ಪೆಗಳಿಗೆ ಗುರುತು ಹಾಕಿ ವರ್ಷಗಟ್ಟಲೆ ನೋಡಿದವರು 1990ರಲ್ಲಿ ಲೆಕ್ಕ ಕೊಟ್ಟರು. ಒಮ್ಮೆ ಒಂದು ಹೊಂಡದಲ್ಲಿ ಮೊಟ್ಟೆ ಇಟ್ಟ ದೊಡ್ಡ ಕಪ್ಪೆಗಳು ಆಮೇಲೂ ಅದೇ ಹೊಂಡಕ್ಕೆ ಬಂದವು. ಮರಿಗಳಲ್ಲಿ ಮಾತ್ರ ನೂರಕ್ಕೆ ಸುಮಾರು 18 ಬೇರೆ ಹೊಂಡ ಹುಡುಕಿಕೊಂಡವು. ಊರು ಬಿಡುವವರು ಹುಡುಗರೇ, ಅಲ್ವಾ? ಆಸ್ಟ್ರೇಲಿಯಾದ ಕಥೆ ಇನ್ನೂ ಜೋರು. ಕಬ್ಬಿನ ಹುಳ ತಿನ್ನಲಿ ಅಂತ 1935ರಲ್ಲಿ ಹೊರಗಿನಿಂದ ನೆಲಗಪ್ಪೆ ತಂದು ಬಿಟ್ಟರು. ಹುಳ ಹಾಗೇ ಉಳಿಯಿತು, ಕಪ್ಪೆ ದೇಶದ ಉತ್ತರಕ್ಕೂ ಪೂರ್ವಕ್ಕೂ ಹರಡಿತು. ಎಲ್ಲಕ್ಕಿಂತ ಮುಂದೆ ಹೊಸ ಜಾಗಕ್ಕೆ ನುಗ್ಗುತ್ತಿರುವವುಗಳ ಕಾಲು ಹಿಂದೆ ಉಳಿದವುಗಳಿಗಿಂತ ಉದ್ದ ಅಂತ ಅಳೆದು ತೋರಿಸಿದ್ದಾರೆ. ಹಾಗೆ ಓಡಿದ ದೊಡ್ಡ ಕಪ್ಪೆಗಳಲ್ಲಿ ಕೆಲವಕ್ಕೆ ಬೆನ್ನುಮೂಳೆಯ ಸಂಧಿವಾತವೂ ಬಂದಿದೆ. ಬಸ್ಸಿನಲ್ಲಿ ದಿನಾ ಬೆಂಗಳೂರಿಗೆ ಓಡಾಡುವ ನಮ್ಮೂರವರ ನೆನಪಾಯಿತು.

ಮೈ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಕೆರೆ ಬಿಟ್ಟು ಹೊರಡುವ ಮರಿ ಕಿರುಬೆರಳಿನ ಉಗುರಷ್ಟಿರುತ್ತದೆ. ಮೈ ಚಿಕ್ಕದಾದಷ್ಟೂ ಬೇಗ ಒಣಗುತ್ತದೆ. ದೊಡ್ಡದಕ್ಕೆ ನಾನೂರು ಹೆಜ್ಜೆ ಒಂದು ರಾತ್ರಿಯ ದಾರಿ, ಮರಿ ನೆಲ ಒದ್ದೆ ಇದ್ದಾಗ ಮಾತ್ರ ಸ್ವಲ್ಪ ಸ್ವಲ್ಪವೇ ಹೋಗಬೇಕು. ಮಧ್ಯದಲ್ಲಿ ಬಿಸಿಲು ಬಂದರೆ ತರಗೆಲೆಯ ಕೆಳಗೆ ಸೇರುತ್ತದೆ. ತೋಟ ಗುಡಿಸಿ ಚೊಕ್ಕಟ ಮಾಡುವುದನ್ನು ನಾನು ಬಿಟ್ಟದ್ದು ಇದನ್ನು ಕಂಡ ಮೇಲೆ. ಪಕ್ಕದ ತೋಟದವರು ಸೋಮಾರಿ ಅನ್ನುತ್ತಾರೆ, ಅನ್ನಲಿ.

ಕೃಷಿಹೊಂಡದ ವಿಷಯ ಬೇಜಾರಿನದು. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಬೇರೆಯವು ಬದುವಿನ ಗುಂಟ ಹೋದರೆ, ಮೊಂಡನ ಥರದ ಧೈರ್ಯದವು ನೇರವಾಗಿ ನುಗ್ಗಿ ಅದಕ್ಕೆ ಬೀಳುತ್ತವೆ. ಜಾರುವ ಹಾಳೆ ಹತ್ತಲು ಆಗುವುದಿಲ್ಲ. ಒಂದು ಬೆಳಗ್ಗೆ ಐದು ಸತ್ತು ತೇಲುತ್ತಿದ್ದವು. ಈಗ ನಾಲ್ಕು ಮೂಲೆಗೂ ಹಳೆ ಗೋಣಿಚೀಲ ಇಳಿಬಿಟ್ಟಿದ್ದೇನೆ, ಹಿಡಿದು ಹತ್ತಿ ಬರುತ್ತವೆ.

ಇನ್ನು ಟಾರ್ಚಿನ ಆ ಗುಂಡಿ. ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ಕಪ್ಪೆ ನಿಂತುಬಿಡುತ್ತದೆ. ಅದು ಎತ್ತ ಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಗುವುದಿಲ್ಲ. ಕೆಂಪು ಬೆಳಕಿಗೆ ನಮ್ಮ ಕಪ್ಪೆಗಳು ಅಷ್ಟು ಬೆದರುವುದಿಲ್ಲ. ಈ ಟಾರ್ಚಿನಲ್ಲಿ ಕೆಂಪು ಇದೆ. ಆದರೆ ಅದಕ್ಕೆ ಹೋಗಲು ಮೊದಲು ಜೋರು ಬಿಳಿ, ಆಮೇಲೆ ಮಂದ ಬಿಳಿ, ಆಮೇಲೆ ಪಕಪಕ ಮಿಂಚುವುದು, ನಾಲ್ಕನೇ ಒತ್ತಿಗೆ ಕೆಂಪು. ಅಷ್ಟರಲ್ಲಿ ಕಪ್ಪೆ ಕಲ್ಲಾಗಿರುತ್ತದೆ. ಕೆಂಪು ಮೂರು ಹೆಜ್ಜೆ ದೂರಕ್ಕೆ ಮಾತ್ರ ಬೀಳುತ್ತದೆ. ಕೊನೆಗೆ ಮಗಳು ಕೆಂಪು ಜಿಲೇಟಿನ್ ಪೇಪರ್ ಎರಡು ಪದರ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಬಿಳಿ ಬೆಳಕಿಗೇ ಕಟ್ಟಿದಳು. ಎರಡು ರೂಪಾಯಿ ಖರ್ಚು, ಕಂಪನಿಯ ಕೆಂಪಿಗಿಂತ ಚೆನ್ನಾಗಿದೆ.

ಬಾಕಿ ಅರ್ಧ ಅಂಕ ಹೋದದ್ದು ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳಕ್ಕೆ. ಎರಡನೇ ವರ್ಷ ಹರಿಯಿತು, ಹಸ್ತ ಮಳೆಯಲ್ಲಿ ನೀರು ಒಳಗೆ ಹೋಯಿತು. ಕಂಪನಿ ನಂಬರಿಗೆ ಫೋನ್ ಮಾಡಿ ಮಾಡಿ ಬಿಟ್ಟೆ. ರಾಗಿ ಚೀಲದಲ್ಲಿ ಎರಡು ದಿನ ಹೂತಿಟ್ಟೆ, ಉರಿಯಿತು. ಸೆಲ್ ಸೊರಗಿದಾಗ ತುಮಕೂರಿನ ರಿಪೇರಿ ಅಂಗಡಿಯಲ್ಲಿ 180 ರೂಪಾಯಿಗೆ ಹೊಸದು ಹಾಕಿಸಿದೆ. ಪಟ್ಟಿ ಸಡಿಲವಾಗಿ ಹೋಗಿ ಈಗ ಲಂಗದ ಎಲಾಸ್ಟಿಕ್ ಇದೆ.

ಮೊಂಡ ಈ ವರ್ಷ ಕಂಡಿಲ್ಲ. ಮೂಗುತಿ ಡಬ್ಬದ ಕೆಳಗೇ ಇದೆ.

ಕೊಳ್ಳುವವರು ಅಂಗಡಿಯಲ್ಲೇ ಗುಂಡಿ ಒತ್ತಿ ನೋಡಿ. ಮೊದಲ ಒತ್ತಿಗೇ ಕೆಂಪು ಹತ್ತುವುದು ಸಿಕ್ಕರೆ ಇದನ್ನು ಬಿಟ್ಟು ಅದನ್ನೇ ತಗೊಳ್ಳಿ.